ತಂತಿಯಿಲ್ಲದ ಎರಡು ತಂಬೂರಿಗಳು

ಕಡಲಾಚೆಯ ಹೆಂಡರ್ಸನ್ ಎಂಬ ಊರಿನ ನಮ್ಮ ಮನೆಯಲ್ಲಿ ಎರಡು ತಂಬೂರಿಗಳಿವೆ. ಎರಡಕ್ಕೂ ಒಂದು ತಂತಿಯೂ ಇಲ್ಲ. ಎರಡೂ ಗರಾಜಿನಲ್ಲಿಟ್ಟ ಕಂಪ್ಯೂಟರಿನೊಳಗಿವೆ.

ಮೊದಲನೆಯದು ಸ್ಯಾಂಪಲ್. ಮೈಸೂರಿನಲ್ಲಿ ನನ್ನ ಹೆಂಡತಿ ಸುಧಾ ಮೀಟುತ್ತಿದ್ದ ತಂಬೂರಿಯನ್ನೇ, ಹೊರಡುವ ಮುಂಚೆ, ಒಂದೊಂದು ತಂತಿಯನ್ನೂ ಬೇರೆಬೇರೆಯಾಗಿ ರೆಕಾರ್ಡ್ ಮಾಡಿಕೊಂಡು ತಂದದ್ದು. ತಂಬೂರಿ ಅವಳ ಅಕ್ಕನ ಮನೆಯಲ್ಲಿ ಉಳಿಯಿತು, ದನಿ ನಮ್ಮೊಡನೆ ವಿಮಾನ ಹತ್ತಿತು. ಎರಡನೆಯದು ಸಿಂಥೆಸಿಸ್, ಅಂದರೆ ಯಾವ ತಂಬೂರಿಯ ಮುಖವನ್ನೂ ನೋಡದೆ ಕಂಪ್ಯೂಟರೇ ಲೆಕ್ಕ ಹಾಕಿ ಕಟ್ಟಿದ ದನಿ. ನಾನು ಸ್ಯಾಂಪಲ್ ಪಕ್ಷದವನು. ತಂತಿಯ ಕೆಳಗೆ ಸಿಕ್ಕಿಸುವ ಸಣ್ಣ ದಾರದಿಂದ ತಂಬೂರಿಗೆ ಆ ಝೇಂಕಾರ ಬರುತ್ತದೆ. ಲೆಕ್ಕದಲ್ಲಿ ದಾರ ಎಲ್ಲಿಂದ ಬರಬೇಕು, ನೀವೇ ಹೇಳಿ. ಆ ಲೆಕ್ಕದ ದನಿಯನ್ನು ‘ಪುಡಿ ಹಾಲು’ ಎಂದೇ ಹೀಗಳೆಯುತ್ತಿದ್ದೆ. ಊಟಕ್ಕೆ ಬಂದವರನ್ನೆಲ್ಲ ಗರಾಜಿಗೆ ಎಳೆದೊಯ್ದು ಎರಡನ್ನೂ ಕೇಳಿಸುತ್ತಿದ್ದೆ. ಪಾಪ, ತಿಂದ ಬಿಸಿಬೇಳೆಬಾತಿನ ಋಣಕ್ಕೆ ತಲೆಯಾಡಿಸುತ್ತಿದ್ದರು.

ಹೀಗಿರುವಾಗ ಸುಧಾಗೆ ಥೈರಾಯ್ಡ್ ಆಪರೇಷನ್ ಆಯಿತು. ಗಾಯ ಮಾಯಿತು, ದನಿ ಮಾತ್ರ ತಗ್ಗಿನಲ್ಲೇ ಕೂತುಬಿಟ್ಟಿತು. ಮಾತಾಡುತ್ತಿದ್ದಳು, ಹಾಡುತ್ತಿರಲಿಲ್ಲ. ಮುಂಚೆ ಅವಳು ಹಾಡುವಾಗ ನಾನೂ ಜೊತೆಗೂಡಿ ಗುನುಗಿದರೆ, ಸುಮ್ಮನಿರಿ, ಶ್ರುತಿ ಹೋಗುತ್ತದೆ ಎಂದು ಗದರುತ್ತಿದ್ದಳು. ಈಗ ಆ ಗದರಿಕೆಗೂ ನನ್ನ ಜೀವ ಹಂಬಲಿಸುತ್ತಿತ್ತು.

ಒಂದು ಶನಿವಾರ, ಪಕ್ಕದ ಮನೆಯವರ ಹುಲ್ಲು ಕತ್ತರಿಸುವ ಯಂತ್ರ ನಿಂತದ್ದೇ ತಡ, ಅವಳನ್ನು ಗರಾಜಿಗೆ ಕರೆದು ಅವಳದೇ ತಂಬೂರಿಯನ್ನು ಕೇಳಿಸಿದೆ. ಮುಖ ಅರಳಿತು. ಕಣ್ಣು ಮುಚ್ಚಿ ಷಡ್ಜಕ್ಕೆ ಹೊರಟಳು. ದನಿ ಅರ್ಧ ದಾರಿಯಲ್ಲೇ ಒಡೆಯಿತು.

“ಇದು ಹಳೇ ಸುಧಾದು ರೀ. ನಂಗೆ ಎಟಕಲ್ಲ,” ಅಂದಳು.

ಗಡಿಬಿಡಿಯಲ್ಲಿ ಶ್ರುತಿ ಇಳಿಸಿದೆ. ಸ್ಯಾಂಪಲ್ಲಿನ ಹಣೆಬರಹವೇ ಅಷ್ಟು, ಇಳಿಸಿದಷ್ಟೂ ನಿಧಾನವಾಗುತ್ತದೆ. ನನ್ನ ಅಸಲಿ ತಂಬೂರಿ ಊಟವಾದ ಮೇಲಿನ ಮಾವನವರ ಹಾಗೆ ಆಕಳಿಸತೊಡಗಿತು. ಬಾಗಿಲಲ್ಲಿ ನಿಂತಿದ್ದ ಮಗಳು, “ಅಪ್ಪಾ, ಇಟ್ ಸೌಂಡ್ಸ್ ಸೋ ಸ್ಲೀಪಿ,” ಅಂದಳು. ಸುಧಾ ನಕ್ಕಳು, ಆದರೆ ಏಳಲು ಹೊರಟಳು.

ಬೇರೆ ದಾರಿ ಕಾಣದೆ ಪುಡಿ ಹಾಲಿಗೇ ಕೈಹಾಕಿದೆ. ಅದಕ್ಕೆ ಹಳೆಯದೊಂದೂ ನೆನಪಿಲ್ಲವಲ್ಲ, ಎಲ್ಲಿಗೆ ಕರೆದರೂ ದಣಿಯದೆ ಬರುತ್ತದೆ. ಚೂರುಚೂರೇ ಇಳಿಸುತ್ತ ಹೋದೆ. ಸುಧಾ ಕುರ್ಚಿಯ ಬೆನ್ನು ಹಿಡಿದು ನಿಂತೇ ‘ಮ್’ ಎಂದು ಹುಡುಕಿದಳು.

“ಇಲ್ಲೇ. ನಿಲ್ಸಿ.”

ಹಾರ್ಮೋನಿಯಂನ ಯಾವ ಮನೆಗೂ ಸೇರದ, ಎರಡು ಮನೆಗಳ ನಡುವಿನ ಜಾಗ ಅದು. ಅಲ್ಲಿ ಕೂತು ಅವಳು ಪಾಠದ ಮಕ್ಕಳು ಶುರುಮಾಡುವ ಸರಳೆವರಸೆಯಿಂದಲೇ ಶುರುಮಾಡಿದಳು. ದನಿ ದಪ್ಪಗಿತ್ತು, ಸ್ವಲ್ಪ ಒರಟಾಗಿತ್ತು, ನನಗೆ ಹೊಸದಾಗಿತ್ತು. ಕೇಳುತ್ತ ಕೇಳುತ್ತ ನನಗೆ ಅಳು ಬಂತು.

ಪುಡಿ ಹಾಲು ಪುಡಿ ಹಾಲೇ, ಆ ವಾದವನ್ನು ನಾನು ಬಿಟ್ಟಿಲ್ಲ. ಆದರೆ ಅವತ್ತು ವಾದ ಮರೆತು, ಅಳು ತಡೆಯಲೆಂದೋ ಏನೋ, ಅವಳ ಜೊತೆ ಗುನುಗಿಬಿಟ್ಟೆ. ಸುಧಾ ಕಣ್ಣು ತೆರೆಯದೆ ಅಂದಳು:

“ಸುಮ್ನಿರಿ. ಶ್ರುತಿ ಹೋಗತ್ತೆ.”

ಇಷ್ಟು ಸಂತೋಷದಿಂದ ನಾನು ಯಾವತ್ತೂ ಬಾಯಿ ಮುಚ್ಚಿರಲಿಲ್ಲ.