ರೂತಳ ಕುಬುಸಕ್ಕೆ ಗ್ರೀಕರ ಸಾಕ್ಷಿ

ಖಾಲಿ ಪಾತ್ರೆ ವಾಪಸ್ ಕೊಡುವುದು ನನ್ನಿಂದ ಆಗುವುದಿಲ್ಲ. ಪಕ್ಕದ ಮನೆಯಿಂದ ಸಾರು ಬಂದ ಬಟ್ಟಲಿಗೆ ಏನೂ ಸಿಗದಿದ್ದರೆ ಒಂದು ಚಿಟಿಕೆ ಸಕ್ಕರೆಯನ್ನಾದರೂ ಉದುರಿಸಿ ಕಳಿಸುತ್ತೇನೆ. ನಮ್ಮ ಹರಪನಹಳ್ಳಿಯ ಹೆಂಗಸರೆಲ್ಲ ಹೀಗೇ. ಇದರಿಂದಾಗಿ ನನ್ನ ಅಡುಗೆಮನೆಯಲ್ಲಿ ಪರರ ಪಾತ್ರೆಗಳು ಬಹಳ. ಹಾಕಿ ಕೊಡಲು ತಕ್ಕದ್ದೇನಾದರೂ ಸಿಗುವತನಕ ಅವು ಕಾಯುತ್ತವೆ; ಕೆಲವು ಕಾಯುತ್ತ ಕಾಯುತ್ತ ನಮ್ಮವೇ ಆಗಿಬಿಟ್ಟಿವೆ. ಅಂಥದ್ದೊಂದು ಸ್ಟೀಲಿನ ಬೋಗಾಣಿಯ ಅಂಚಿಗೆ ಚುಕ್ಕಿಚುಕ್ಕಿಯಾಗಿ ‘ದೇವಪುತ್ರಪ್ಪ’ ಎಂದು ಹೆಸರು ಕೊರೆದಿದೆ. ಸೋಮವಾರ ನಾವು ಶಿವನಿಗೆ ಹುಗ್ಗಿ ಎಡೆ ಹಿಡಿಯುವುದು ಅದರಲ್ಲೇ. ಶಿವ ಈವರೆಗೆ ತಕರಾರು ಎತ್ತಿಲ್ಲ.

ದೇವಪುತ್ರಪ್ಪನವರು ನಮ್ಮ ಗೋಡೆಗೆ ಗೋಡೆ ಹತ್ತಿದ ಮನೆಯವರು. ಡ್ರಾಯಿಂಗ್ ಮೇಷ್ಟ್ರಾಗಿ ನಿವೃತ್ತರಾದವರು, ಅವರ ಚರ್ಚಿಗೆ ಹಿರಿಯರು. ಹಡಗಲಿ ಊರಿಗೆ ಕೊಟ್ಟ ಮಗಳು ರೂತ್ ಕುಬುಸಕ್ಕೆಂದು ತವರಿಗೆ ಬಂದಿದ್ದಳು. ಕುಬುಸವೆಂದರೆ ಬಸುರಿಗೆ ಏಳನೇ ತಿಂಗಳಲ್ಲಿ ಹೊಸ ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಉಡಿ ತುಂಬುವ ಕಾರ್ಯ. ಓಣಿಯ ಹೆಂಗಸರೆಲ್ಲ ಬುತ್ತಿ ಕಟ್ಟಿಕೊಂಡು ಬಂದು ಅವಳಿಗೆ ಉಣ್ಣಿಸುತ್ತಾರೆ. ರೂತಳ ಮೊದಲ ಬಸಿರು ಏಳನೇ ತಿಂಗಳು ಮುಟ್ಟಿರಲಿಲ್ಲ. ಅದಕ್ಕೇ ಈ ಸಲ ತಾಯಿ ಸರೋಜಮ್ಮ ಬಳೆಗಾರನಿಗೆ ಬಹಳ ಮೊದಲೇ ಹೇಳಿಟ್ಟಿದ್ದರು.

ಅಷ್ಟರಲ್ಲಿ ಚರ್ಚಿಗೆ ಹೊಸ ಅಯ್ಯನವರು, ಅಂದರೆ ಪಾದ್ರಿಗಳು, ಬಂದರು. ತರುಣರು, ಓದಿಕೊಂಡವರು. ಉಡಿ, ಬಳೆ ಇವೆಲ್ಲ ಅನ್ಯರ ಆಚಾರ, ಸಭೆಯ ಹಿರಿಯರ ಮನೆಯಲ್ಲೇ ನಡೆದರೆ ಉಳಿದವರಿಗೆ ಏನು ಹೇಳುವುದು ಎಂದರು. ದೇವಪುತ್ರಪ್ಪನವರು ನೇರ ನನ್ನ ಹತ್ತಿರ ಬಂದರು. ನಾನು ಪಿಯು ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತೇನೆ.

“ಮೇಡಮ್ಮೋರೆ, ಮೊದಲಿನ ಕ್ರೈಸ್ತರು ಬ್ಯಾರೆ ಮಂದಿ ಆಚಾರ ತಗಂಡಿದ್ರೋ ಇಲ್ಲೋ, ಅಷ್ಟು ಹುಡುಕಿ ಹೇಳ್ರಿ. ತಗಂಡಿದ್ರು ಅಂದ್ರ ನಮ್ಮ ರೂತಳ ಹಸಿರು ಬಳಿ ಉಳೀತಾವ. ರವಿವಾರ ಕುಬುಸ ಐತಿ, ಅಯ್ಯನೋರೂ ಬರ್ತಾರ.”

ಇಷ್ಟು ವರ್ಷದ ನೌಕರಿಯಲ್ಲಿ ಇತಿಹಾಸದಿಂದ ಯಾರಿಗಾದರೂ ಏನಾದರೂ ಆಗಬೇಕಾಗಿದೆ ಎಂದು ನನಗೆ ಅನಿಸಿದ್ದು ಅದೇ ಮೊದಲು. ಮಕ್ಕಳು ನನ್ನನ್ನು ಕೇಳುವುದು ಒಂದೇ ಪ್ರಶ್ನೆ: ಇದು ಪರೀಕ್ಷೆಗೆ ಬರುತ್ತದೆಯೇ. ಕನ್ನಡಕ ಒರೆಸಿಕೊಂಡು ಓದಲು ಕೂತೆ.

ರೋಮನ್ನರ ಕಾಲದಲ್ಲಿ ಗುಟ್ಟಿನ ಪಂಥಗಳು ಹಲವು ಇದ್ದವು. ದೀಕ್ಷೆ ಪಡೆದವರಿಗೆ ಮಾತ್ರ ಒಳಗೆ ಪ್ರವೇಶ. ಗ್ರೀಕರ ಎಲ್ಯೂಸಿಸ್ ಎಂಬ ಊರಿನಲ್ಲಿ ಧಾನ್ಯದೇವತೆಯ ಭಕ್ತರು ಜವೆಗೋಧಿಯ ಪಾನಕ ಕುಡಿದು ಕತ್ತಲ ಗುಡಿಯೊಳಗೆ ಹೋಗುತ್ತಿದ್ದರು. ಒಳಗೆ ಏನು ಕಂಡರೆಂಬ ಬಗ್ಗೆ ಅವರು ಬಾಯಿ ಬಿಡಲಿಲ್ಲ, ಹಾಗಾಗಿ ಇವತ್ತಿಗೂ ಯಾರಿಗೂ ಸರಿಯಾಗಿ ಗೊತ್ತಿಲ್ಲ. ರೂತಳ ಕುಬುಸದ ಜಗಳದ ಸುದ್ದಿ ನಮ್ಮ ಓಣಿಯಲ್ಲಿ ಮಧ್ಯಾಹ್ನದ ಊಟದವರೆಗೂ ಗುಟ್ಟಾಗಿ ಉಳಿಯಲಿಲ್ಲ. ಮಿತ್ರನೆಂಬ ದೇವರ ಭಕ್ತರು, ಬಹುಪಾಲು ಸಿಪಾಯಿಗಳು, ಗುಹೆಯಂಥ ಕೋಣೆಗಳಲ್ಲಿ ಸಾಲಾಗಿ ಕೂತು ಪಂಕ್ತಿಯೂಟ ಮಾಡುತ್ತಿದ್ದರು. ಈಜಿಪ್ಟಿನ ಐಸಿಸ್ ದೇವಿ ಕೂಸಿಗೆ ಮೊಲೆಯೂಡಿಸುವ ಮೂರ್ತಿ ನೋಡಿದರೆ ದೇವಪುತ್ರಪ್ಪನವರ ಮನೆಯ ಕ್ಯಾಲೆಂಡರಿನ ಮೇರಿಯಮ್ಮ ನೆನಪಾಗುತ್ತಾಳೆ.

ಹಾಗಾದರೆ ಕ್ರೈಸ್ತರು ಇವರಿಂದ ತೆಗೆದುಕೊಂಡದ್ದು ನಿಜವೇ? ಇಲ್ಲಿ ಪಂಡಿತರು ಒಬ್ಬರ ಜುಟ್ಟು ಒಬ್ಬರು ಹಿಡಿದುಕೊಂಡಿದ್ದಾರೆ. ಹೌದು ಎನ್ನುವವರಿದ್ದಾರೆ. ಸಾಕ್ಷಿಗಳಲ್ಲಿ ಎಷ್ಟೋ ಕ್ರೈಸ್ತರ ನಂತರದವು, ಕೊಟ್ಟವರು ಯಾರು ಕೊಂಡವರು ಯಾರು ಹೇಳಲಾಗದು ಎನ್ನುವವರಿದ್ದಾರೆ. ನೀರು, ರೊಟ್ಟಿ, ತಾಯಿ, ಕೂಸು ಎಲ್ಲ ಮನುಷ್ಯರಿಗೂ ಇದ್ದದ್ದೇ, ಅದಕ್ಕೆ ಕಡ ಯಾಕೆ ಎನ್ನುವವರೂ ಇದ್ದಾರೆ. ಆ ಕಾಲದ ಒಬ್ಬ ಕ್ರೈಸ್ತ ಪಂಡಿತ ಮಾತ್ರ, ಮಿತ್ರನ ಊಟ ದೆವ್ವಗಳು ನಮ್ಮನ್ನು ನೋಡಿ ಹೊಡೆದ ಕಾಪಿ ಎಂದು ದೂರಿದ್ದಾನೆ. ಪರೀಕ್ಷಾ ಕೊಠಡಿಯಲ್ಲಿ ನಿಂತು ನಿಂತು ಕಾಲು ಸವೆಸಿದವಳು ನಾನು, ಕಾಪಿಯ ವಿಷಯ ನನ್ನನ್ನು ಕೇಳಬೇಕು. ಇಬ್ಬರ ಉತ್ತರವೂ ಸರಿಯಿದ್ದರೆ ಏನೂ ಸಾಬೀತಾಗುವುದಿಲ್ಲ. ಇಬ್ಬರೂ ಒಂದೇ ತಪ್ಪು ಬರೆದಿದ್ದರೆ ಮಾತ್ರ ಹಿಡಿಯಬಹುದು.

ಇಷ್ಟನ್ನು ತಲೆಯಲ್ಲಿ ಜೋಡಿಸಿಕೊಂಡು ರವಿವಾರ ಪಕ್ಕದ ಮನೆಗೆ ಹೋದೆ. ದೇವಪುತ್ರಪ್ಪನವರು ಮತ್ತು ಅಯ್ಯನವರು ಎದುರುಬದುರು ಕೂತಿದ್ದರು. ಬಾಗಿಲ ಹತ್ತಿರ ರೂತ್, ಬರಿಗೈಯಲ್ಲಿ. ಬಳೆಗಾರ ಕಟ್ಟೆಯ ಮೇಲೆ ಗಂಟು ಬಿಚ್ಚದೆ ಕಾಯುತ್ತಿದ್ದ. ನಾನು ಎರಡೂ ಕಡೆ ತೂಗಿ, ಎಲ್ಯೂಸಿಸ್‌ನಿಂದ ಶುರು ಮಾಡಿ, ಬಹಳ ನಿಷ್ಪಕ್ಷಪಾತವಾಗಿ ಮಾತಾಡಿದೆ. ಅಯ್ಯನವರು ಕೊನೆಯವರೆಗೆ ಕೇಳಿದರು.

“ಒಟ್ಟಿನಾಗ ತೀರ್ಮಾನ ಏನ್ರಿ ಮೇಡಮ್ಮೋರೆ?” ಎಂದರು ದೇವಪುತ್ರಪ್ಪನವರು.

“ತೀರ್ಮಾನ ಆಗಿಲ್ರಿ.”

ದೇವಪುತ್ರಪ್ಪನವರ ಮುಖ ಇಳಿಯಿತು. ನನಗೆ ನನ್ನ ಓದಿನ ಮೇಲೆ ಸಿಟ್ಟು ಬಂತು. ಅಯ್ಯನವರು ನನ್ನ ತೊಡೆಯ ಮೇಲಿದ್ದ, ಬಟ್ಟೆ ಸುತ್ತಿದ ಬೋಗಾಣಿ ನೋಡಿದರು.

“ಅದರಾಗ ಏನೈತ್ರಿ?”

ಆಗ ನನಗೂ ಹೊಳೆಯಿತು. ತೀರ್ಪು ಹೇಳಲು ಬಂದವಳು ಬೆಳಿಗ್ಗೆಯೇ ಎದ್ದು ಬುತ್ತಿ ಕಟ್ಟಿಕೊಂಡು ಬಂದಿದ್ದೆ.

“ಪಾತ್ರಿ ಇವರದರಿ, ವಾಪಸ್ ಕೊಡಾಕ ತಂದೀನಿ. ಖಾಲಿ ಹೆಂಗ ಕೊಡೋದು ಅಂತ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗಿ ಇಟ್ಟೀನ್ರಿ.”

ಅಯ್ಯನವರು ನಗಲಿಲ್ಲ. “ನಮ್ಮವ್ವನೂ ಹಿಂಗ ಅದಾಳ್ರಿ,” ಎಂದರು.

ಬಾಗಿಲ ಹತ್ತಿರದಿಂದ ರೂತ್ ಮೆಲ್ಲಗೆ ಹೇಳಿದಳು: “ಅಯ್ಯನೋರೆ, ಬಳಿ ನನ್ನ ಕೂಸನ್ನ ಕಾಯ್ತಾವ ಅಂತ ನಾ ನಂಬಿಲ್ರಿ. ಅದನ್ನ ಕಾಯೋನು ದೇವರು. ಈ ಸಲ ಇಷ್ಟು ದೂರ ಬಂದೀನಿ. ಬಂದಾಳ ಅಂತ ಯಾರರ ಒಂದು ಗುರ್ತು ಹಾಕ್ಲಿ ಅಂತ ಅಷ್ಟರಿ.”

ನನ್ನ ಕಣ್ಣು ತುಂಬಿದವು. ಅಯ್ಯನವರು ಎದ್ದು ನಿಂತು ಅವಳಿಗಾಗಿ ಪ್ರಾರ್ಥನೆ ಮಾಡಿದರು, ಉದ್ದದ ಪ್ರಾರ್ಥನೆ. ಮುಗಿದ ಮೇಲೆ ಬಾಗಿಲಿಗೆ ಬಂದು ಬಳೆಗಾರನನ್ನು ತಾವೇ ಒಳಗೆ ಕರೆದರು. ಹೊರಗೆ ಬುತ್ತಿ ಹಿಡಿದು ನಿಂತಿದ್ದ ಓಣಿಯ ಹೆಂಗಸರೂ ಒಳಬಂದರು. ಅವರು ಗ್ರೀಕರ ಸಾಕ್ಷಿಗೆ ಕಾದಿರಲಿಲ್ಲ. ಅಯ್ಯನವರು ಎರಡು ಹೋಳಿಗೆ ತಿಂದರು.

ರೂತಳಿಗೆ ಹೆಣ್ಣು ಕೂಸಾಯಿತು. ತಾಯಿ ಮಗಳು ಚೆನ್ನಾಗಿದ್ದಾರೆ. ಆ ಸುದ್ದಿ ನನಗೆ ಬಂದದ್ದು ಅದೇ ಬೋಗಾಣಿಯಲ್ಲಿ, ತುಂಬ ಸಕ್ಕರೆಯೊಂದಿಗೆ. ಸಕ್ಕರೆ ಡಬ್ಬಿಗೆ ಸುರುವಿಕೊಂಡು ಬೋಗಾಣಿ ತೊಳೆದಿಟ್ಟಿದ್ದೇನೆ. ಬಾಣಂತಿಗೆ ಅಂಟಿನುಂಡಿ ಕಟ್ಟಿ ಕೊಡಬೇಕೆಂದಿದ್ದೇನೆ, ಅಂಟು ಇನ್ನೂ ತಂದಿಲ್ಲ. ನಾಳೆ ಸೋಮವಾರ, ಶಿವನಿಗೆ ಹುಗ್ಗಿ; ಅಂಟು ತರುವತನಕ ಬೋಗಾಣಿ ನಮ್ಮದೇ.