ಚಕ್ರವಿಲ್ಲದ ಇಂಜಿನ್ನಿಗೆ ನಿಂಬೆಹಣ್ಣು

ಗೆಳೆಯರೇ, ಮೀನುಗಾರರ ದೋಣಿಗೆಂದು ಮೂರು ತಿಂಗಳು ಒಬ್ಬನೇ ಕೂತು ಮಾರ್ಪಡಿಸಿದ ಲಾರಿ ಇಂಜಿನ್ ಇವತ್ತು ಮಾಕಳಿಯ ನನ್ನ ಬಾಡಿಗೆ ಶೆಡ್ಡಿನಲ್ಲಿ ಸ್ಟಾರ್ಟ್ ಆಯಿತು. ಅದನ್ನು ತಂಪಾಗಿಡಲು ಇಲ್ಲಿ ಸಮುದ್ರವಿಲ್ಲ, ಹಾಗಾಗಿ ಡ್ರಮ್ಮಿನ ನೀರಿಗೆ ಪೈಪು ಬಿಟ್ಟಿದ್ದೆ. ಯಾರಾದರೂ ಬಂದು ನೋಡಲಿ ಅನಿಸುತ್ತಿತ್ತು. ಬಂದವರು ಶೆಡ್ಡಿನ ಮಾಲೀಕ ಗೌಡರು, ಜಗಳಕ್ಕೆ.

“ಏನಪ್ಪಾ ಈ ಸದ್ದು? ಚಕ್ರ ಎಲ್ಲಿ ಇದುಕ್ಕೆ?”

“ದೋಣಿಗೆ ಹೋಗೋದು ಗೌಡ್ರೇ, ಚಕ್ರ ಇರಲ್ಲ.”

“ಅಂಗಾದ್ರೆ ಪೂಜೆಗೆ ನಿಂಬೆಹಣ್ಣು ಯಾವುದ್ರ ಕೆಳಗ್ ಇಡ್ತೀಯ?”

ನಾನು ಇಂಜಿನ್ನಿನ ಸುತ್ತ ಒಮ್ಮೆ ನೋಡಿದೆ. ಅವರೇ ಮನೆಯಿಂದ ಎರಡು ನಿಂಬೆಹಣ್ಣು ತಂದು ಡ್ರಮ್ಮಿಗೆ ಹಾಕಿದರು. ಎರಡೂ ತೇಲಿದವು. ನೀರು ಬಿಸಿಯಾಗುವ ತನಕ ನನ್ನ ಪಕ್ಕದಲ್ಲೇ ಕೂತಿದ್ದರು. ಇಂಜಿನ್ ಆಫ್ ಮಾಡಿದಾಗ, “ಇಷ್ಟೇನಾ?” ಎಂದರು.

ನಾಳೆ ಇಂಜಿನ್ ಕರಾವಳಿಗೆ ಹೊರಡುತ್ತದೆ. ಗೌಡರು ಮತ್ತೆ ಜಗಳಕ್ಕೆ ಬರುವಷ್ಟು ಸದ್ದು ಮಾಡುವಂಥದ್ದು ನನ್ನ ಬಳಿ ಬೇರೇನೂ ಇಲ್ಲ.