ದೇವರ ಪೀಠದ ಮೇಲಿದ್ದ ಜೇಕು

ನನ್ನ ಹೆಂಡತಿ ಲೊರ್ನಾಳಿಗೆ ಹುಲ್ಲಿನ ಹುಚ್ಚು. ಉಡುಪಿಯಲ್ಲಿ ಸಸ್ಯಶಾಸ್ತ್ರ ಓದಿ, ದೋಹಾದ ಇನ್ಶೂರೆನ್ಸ್ ಆಫೀಸೊಂದರಲ್ಲಿ ಟೈಪು ಮಾಡುವವಳು. ರಜೆಯ ದಿನ ಬೇರೆ ಹೆಂಗಸರು ಮಾಲ್ ಸುತ್ತಿದರೆ ಇವಳು ಭೂತಗನ್ನಡಿ ಹಿಡಿದು ಕೆಸರು ಹುಡುಕುತ್ತಾಳೆ. ಕತಾರಿನಲ್ಲಿ ಕೆಸರು ಹುಡುಕುವುದೆಂದರೆ ಬೋಳುತಲೆಯಲ್ಲಿ ಹೇನು ಹುಡುಕಿದ ಹಾಗೆ.

ಆದರೂ ಸಿಕ್ಕಿತು. ಅಲ್ ಶಮಾಲಿನ ತೋಟವೊಂದರ ಬಳಿ, ಪೈಪು ಸೋರುವ ಜಾಗದಲ್ಲಿ, ಗೇಣುದ್ದದ ಜೇಕು ಹುಲ್ಲು. ಫೋಟೋ ನೋಡಿದ ನಾರ್ವೆಯ ಪಂಡಿತರೊಬ್ಬರು ದಂಗಾದರು. ಹಿಮ ಬೀಳುವ ನಾಡಿನ ಜೌಗಿನಲ್ಲಿ ಬೆಳೆಯುವ ಜಾತಿಯಂತೆ ಕಾಣುತ್ತದೆ, ಆ ಮರಳಿಗೆ ಹೇಗೆ ಬಂತು? ಜೇಕನ್ನು ಎಲೆ ನೋಡಿ ಗುರುತಿಸಲಾಗದು, ಬಲಿತ ಕಾಳು ಕಳಿಸಿ ಎಂದು ಬರೆದರು. ಲೊರ್ನಾ ಬೇಸಿಗೆಯಿಡೀ ಕಾದಳು. ಕಾಳು ಬಲಿತ ವಾರವೇ ಯಾರೋ ಪೈಪು ರಿಪೇರಿ ಮಾಡಿ, ಗಿಡ ಒಣಗಿ ಸುಟ್ಟುಹೋಯಿತು. ಉಳಿದದ್ದು ಅವಳು ಕೊಯ್ದು ತಂದಿದ್ದ ನಾಲ್ಕು ತೆನೆ ಮಾತ್ರ. ಅಲ್ ಹಿಲಾಲಿನ ನಮ್ಮ ಫ್ಲಾಟಿನಲ್ಲಿ ಯಾರೂ ಕೈಹಾಕದ ಜಾಗವೆಂದರೆ ದೇವರ ಪೀಠ. ಕಾಗದದಲ್ಲಿ ಮಡಚಿ, ಒಣಗಲೆಂದು ಅಲ್ಲಿಟ್ಟಳು.

ಮರುದಿನ ತೆನೆ ಹಬ್ಬ. ಊರಿಂದ ವಿಮಾನದಲ್ಲಿ ಬಂದ ಭತ್ತದ ತೆನೆಗಳನ್ನು ಪಾದ್ರಿಗಳು ಆಶೀರ್ವದಿಸಿ ಮನೆಗೊಂದು ಪೊಟ್ಟಣ ಕೊಡುತ್ತಾರೆ. ಅದನ್ನು ದೇವರ ಪೀಠದಲ್ಲಿಟ್ಟು, ಆಮೇಲೆ ಕಾಳು ಅರೆದು ಹಾಲಿಗೆ ಬೆರೆಸಿ, ಮನೆಯವರೆಲ್ಲ ಒಟ್ಟಿಗೆ ಕುಡಿಯುವುದು ನಮ್ಮ ಪದ್ಧತಿ. ಮೊಣಕಾಲು ನೋವಿನ ನನ್ನ ಅಮ್ಮ ಟ್ರೀಸಾ ಚರ್ಚಿಗೆ ಬಂದಿರಲಿಲ್ಲ. ನಾವು ಹಿಂತಿರುಗಿ, ನಾನು ಫೋನಿನಲ್ಲಿ ಊರಿಗೆಲ್ಲ ಹಬ್ಬದ ಶುಭಾಶಯ ಹೇಳಿ ಮುಗಿಸುವಷ್ಟರಲ್ಲಿ ಅಮ್ಮ ಹಾಲಿನ ಲೋಟಗಳನ್ನು ಜೋಡಿಸಿಟ್ಟಿದ್ದರು. ಪ್ರಾರ್ಥನೆ ಮಾಡಿ ಕುಡಿದೆವು.

ಈ ಸಲದ ಹೊಸ ಅಕ್ಕಿ ಯಾಕೋ ಹುಲ್ಲು ವಾಸನೆ ಎಂದರು ಅಮ್ಮ.

ನನ್ನ ಕೈ ಅಂಗಿಯ ಜೇಬಿಗೆ ಹೋಯಿತು. ಚರ್ಚಿನ ಪೊಟ್ಟಣ ಅಲ್ಲೇ ಇತ್ತು. ಕಣ್ಣಿಗೆ ಪೊರೆ ಬಂದ ಅಮ್ಮ, ಪೀಠದ ಮೇಲಿನ ಪೊಟ್ಟಣ ಕಂಡು ನಾವೇ ತಂದಿಟ್ಟದ್ದೆಂದು ತಿಳಿದಿದ್ದರು. ಲೊರ್ನಾ ಖಾಲಿ ಪೀಠ ನೋಡಿದಳು, ತನ್ನ ಖಾಲಿ ಲೋಟ ನೋಡಿದಳು. ಅಡುಗೆಮನೆಗೆ ಓಡಿ ಮಿಕ್ಸಿ ಜಾರನ್ನು ಬೆಳಕಿಗೆ ಹಿಡಿದಳು. ಅಮ್ಮ ಅದನ್ನು ಆಗಲೇ ತೊಳೆದು ಕವುಚಿದ್ದರು.

ವಿಷಯ ತಿಳಿದು ಅಮ್ಮ ಪೀಠದ ಕಡೆ ತಿರುಗಿ ಶಿಲುಬೆಯ ಗುರುತು ಹಾಕಿಕೊಂಡರು. ಆಶೀರ್ವಾದವಿಲ್ಲದ್ದನ್ನು ಹಬ್ಬದ ದಿನ ದೇವರ ಹೆಸರು ಹೇಳಿ ಮಕ್ಕಳಿಗೆ ಕುಡಿಸಿದೆನಲ್ಲ ಎಂದರು.

"ಹಾಗಾದ್ರೆ ನಾನು ಕೊಟ್ಟದ್ದು ಏನು, ಲೊರ್ನಾ?"

ಲೊರ್ನಾ ಅತ್ತೆಯ ಕೈ ಹಿಡಿದುಕೊಂಡಳು.

"ಅದೇ ಗೊತ್ತಾಗ್ಬೇಕಿತ್ತು, ಮಾಂಯ್."